ಮೂರು ಗಂಟೆ ನಲವತ್ತು ನಿಮಿಷ

"ಇನ್ನೊಂದ್ಸಲ ಓಡಿಸೋಣ ಅಕ್ಕ," ಎಂದ ಸರ್ವರ್ ಕಂಪನಿಯ ಇಂಜಿನಿಯರ್. ಪರದೆಯ ಮೇಲೆ ಕೊನೆಯ ಸಾಲು ಬಂದು ಆಗಲೇ ಐದು ನಿಮಿಷವಾಗಿತ್ತು. ನಾಲ್ಕು ಲಕ್ಷದ ಹನ್ನೆರಡು ಸಾವಿರ ವಿದ್ಯಾರ್ಥಿಗಳ ಫಲಿತಾಂಶ. ಹೊಸ ಸರ್ವರಿನಲ್ಲಿ ಹಿಡಿದ ಸಮಯ, ಮೂರು ಗಂಟೆ ಮೂವತ್ತಾರು ನಿಮಿಷ. ಹಳೆಯ ಸರ್ವರಿನಲ್ಲಿ ಇದೇ ಕೆಲಸಕ್ಕೆ ಸೋಮವಾರ ಹಿಡಿದದ್ದು ಮೂರು ಗಂಟೆ ನಲವತ್ತು. ಹಳೆಯದರಲ್ಲಿ ಹದಿನಾರು ಪ್ರೊಸೆಸರ್, ಹೊಸದರಲ್ಲಿ ಅರವತ್ತನಾಲ್ಕು. ಲಾರಿಯಲ್ಲಿ ಬಂದು, ಆರು ಜನ ಹೊತ್ತು, ಬಾಗಿಲ ಚೌಕಟ್ಟು ಕಿತ್ತು ಒಳಗೆ ತಂದ ಯಂತ್ರ ಉಳಿಸಿದ್ದು ನಾಲ್ಕೇ ನಿಮಿಷ.

"ಎಷ್ಟು ಸಲ ಓಡಿಸಿದ್ರೂ ಅಷ್ಟೇ," ಎಂದಳು ಅವಳು, ಅವನ ಮುಖ ನೋಡದೆ.

ಪರೀಕ್ಷಾ ಮಂಡಳಿಯ ಆ ತಣ್ಣನೆಯ ಕೋಣೆಯಲ್ಲಿ ಅವಳು ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷ. ಅಟೆಂಡರಿನಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರಿಗೂ ಅವಳು ಸಿಸ್ಟಮಕ್ಕ. ಅವಳು ನೋಡಿಕೊಳ್ಳುವ ಹಳೆಯ ಸರ್ವರಿಗೂ ಒಂದು ಹೆಸರು ಬಿದ್ದಿತ್ತು, ದೊಡ್ಡಪ್ಪ. ಬೀರುವಿನಷ್ಟು ಎತ್ತರ, ಸದಾ ಏದುಸಿರು, ಯಾರು ಎಷ್ಟೇ ಅವಸರ ಮಾಡಿದರೂ ತನ್ನ ಹೊತ್ತಿಗೇ ಉತ್ತರ. "ದೊಡ್ಡಪ್ಪನವರ ಆರೋಗ್ಯ ಹೇಗಿದೆ?" ಎಂದು ಕೇಳಿಕೊಂಡೇ ಜನ ಒಳಗೆ ಬರುತ್ತಿದ್ದರು. ಈಗ ದೊಡ್ಡಪ್ಪನನ್ನು ಕಳಿಸಿ ಅರವತ್ತನಾಲ್ಕು ಪ್ರೊಸೆಸರಿನದನ್ನು ಕೊಳ್ಳಬೇಕೋ ಬೇಡವೋ ಎಂದು, ಕಳೆದ ವರ್ಷದ ಅಂಕಗಳನ್ನೇ ಎರಡರಲ್ಲೂ ಓಡಿಸಿ, ಹೋಲಿಸಿ, ಶುಕ್ರವಾರ ವರದಿ ಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಅದು ಬರೀ ವರದಿಯಾಗಿರಲಿಲ್ಲ. ಅವಳ ಗಂಡ, ಮಗಳು ಇದ್ದದ್ದು ಬಸ್ಸಿನಲ್ಲಿ ಏಳು ಗಂಟೆ ದೂರದ ಊರಿನಲ್ಲಿ. ಗಂಡನಿಗೆ ಅಲ್ಲಿಗೆ ವರ್ಗವಾದಾಗ ಮಗಳಿಗೆ ಐದು ವರ್ಷ. ಒಂದು ವರ್ಷದಲ್ಲಿ ನಾನೂ ಬರುತ್ತೇನೆ ಎಂದು ಹೇಳಿ ಅವಳು ಒಂದು ಬಾಡಿಗೆ ಕೋಣೆಯಲ್ಲಿ ಉಳಿದಳು. ಆ ಒಂದು ವರ್ಷ ಹನ್ನೊಂದಾಯಿತು. ಮಂಡಳಿಗೆ ಅಲ್ಲೂ ಒಂದು ಕಚೇರಿ ಇದ್ದರೂ ಅವಳ ವರ್ಗಾವಣೆಯ ಅರ್ಜಿ ಆರು ಸಲ ಹೋಗಿ ಆರು ಸಲವೂ 'ಬದಲಿ ವ್ಯವಸ್ಥೆ ಇಲ್ಲದ ಕಾರಣ' ಎಂಬ ಒಂದೇ ಸಾಲು ಹೊತ್ತು ವಾಪಸು ಬಂದಿತ್ತು. ಈ ಸಲ ಮಾತ್ರ ಡೈರೆಕ್ಟರು ಬಾಯಿಬಿಟ್ಟು ಹೇಳಿದ್ದರು. "ಹೊಸದು ಬಂದ್ರೆ ಉಸ್ತುವಾರಿ ಎಲ್ಲ ಕಂಪನಿಯೋರದ್ದು ಮೇಡಂ. ಆಮೇಲೆ ನಿಮ್ಮನ್ನ ಹಿಡ್ಕೊಂಡು ನಾನೇನ್ ಮಾಡ್ಲಿ? ಅವತ್ತೇ ಸಹಿ ಹಾಕ್ತೀನಿ."

ಇಂಜಿನಿಯರ್ ಪಕ್ಕದ ಪರದೆಯನ್ನು ಅವಳತ್ತ ತಿರುಗಿಸಿದ. ಅರವತ್ತನಾಲ್ಕು ಪ್ರೊಸೆಸರಿಗೂ ಒಂದೊಂದು ಹಸಿರು ಪಟ್ಟಿ, ಕೆಲಸ ಮಾಡುವಾಗ ಏಳುವಂಥದ್ದು. ಓಟದ ಉದ್ದಕ್ಕೂ ಅವುಗಳಲ್ಲಿ ಒಂದೇ ಒಂದು ಎದ್ದು ನಿಂತಿತ್ತು, ಉಳಿದ ಅರವತ್ತಮೂರು ಮಲಗಿದ್ದವು. ನಿಂತದ್ದು ಮಲಗಿದ ಮೇಲೆಯೇ ಇನ್ನೊಂದು ಏಳುತ್ತಿತ್ತು.

"ಯಾವುದೋ ಒಂದು ಇವನ್ನೆಲ್ಲ ಕಾಯಿಸ್ತಿದೆ ಅಕ್ಕ. ನಮ್ಮ ಯಂತ್ರದ್ದಲ್ಲ, ಬೇಕಾದ್ರೆ ಬರ್ಕೊಡ್ತೀನಿ. ನಿಮ್ಮ ಪ್ರೋಗ್ರಾಂ ಒಂದ್ಸಲ ನೋಡ್ಬಹುದಾ?"

"ಅದು ಗೋಪ್ಯ. ಹೊರಗಿನೋರಿಗೆ ತೋರ್ಸೋ ಹಾಗಿಲ್ಲ."

ಅಂಥ ನಿಯಮವೇನೋ ಇತ್ತು. ಆದರೆ ಅದು ತನಗೆ ಅಷ್ಟು ಬೇಗ ನೆನಪಾದದ್ದು ಏಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಮಂಡಳಿಗೆ ಮೊದಲ ಸಲ ನಾಲ್ಕು ಪ್ರೊಸೆಸರಿನ ಯುನಿಕ್ಸ್ ಸರ್ವರ್ ಬಂದಾಗ, ಫಲಿತಾಂಶದ ಪ್ರೋಗ್ರಾಂ ಬರೆದವಳು ಅವಳೇ. ಆ ವರ್ಷ ಎರಡು ಪ್ರೊಸೆಸರುಗಳು ಒಂದೇ ಕ್ಷಣದಲ್ಲಿ ಒಂದೇ ಜಾಗದಲ್ಲಿ ಅಂಕ ಬರೆದುಬಿಟ್ಟವು. ಗಣಿತದಲ್ಲಿ ಎಂಬತ್ತನಾಲ್ಕು ಬರಬೇಕಾಗಿದ್ದ ಹುಡುಗಿಯೊಬ್ಬಳಿಗೆ ಇನ್ಯಾರದೋ ಹನ್ನೆರಡು ಬಂತು. ಹುಡುಗಿಯ ಅಪ್ಪ ಮಗಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಕೌಂಟರಿನ ಮುಂದೆ ನಿಂತ. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಅವರಿಗೆ ತಿಳಿಹೇಳಲು ಇವಳನ್ನೇ ಕಳಿಸಿದ್ದರು. ಇವಳೂ ಹೇಳಿದಳು. ನಾಲ್ಕನೆಯ ದಿನ ಆ ಹುಡುಗಿ ಅಪ್ಪನ ತೋಳು ಎಳೆದು, "ಬಿಡಪ್ಪ, ನಾನೇ ಸರಿಯಾಗಿ ಬರ್ದಿಲ್ಲ ಅನ್ಸತ್ತೆ," ಎಂದಳು. ಆ ಮಾತು ಕೇಳಿದ ಮೇಲೆ ಇವಳಿಗೆ ಅನ್ನ ಇಳಿಯಲಿಲ್ಲ. ಉತ್ತರ ಪತ್ರಿಕೆ ಹುಡುಕಿ ತೆಗೆಸಿದಳು, ತಪ್ಪು ಸಿಕ್ಕಿತು, ತಿದ್ದಿದರು.

ಅವತ್ತು ಸಂಜೆಯೇ ಅವಳು ಪ್ರೋಗ್ರಾಮಿನಲ್ಲಿ ಒಂದು ಲಾಕ್ ಹಾಕಿದಳು. ಎಷ್ಟೇ ಪ್ರೊಸೆಸರುಗಳಿರಲಿ, ಅಂಕಗಳ ಕಡತದೊಳಗೆ ಒಂದು ಸಲಕ್ಕೆ ಒಂದೇ ಹೋಗಬೇಕು; ಅದು ಹೊರಗೆ ಬರುವವರೆಗೆ ಉಳಿದವು ಕಾಯಬೇಕು. ಇಡೀ ಕಡತಕ್ಕೆ ಹಾಕುವ ಬದಲು ಒಬ್ಬೊಬ್ಬ ವಿದ್ಯಾರ್ಥಿಯ ಸಾಲಿಗೆ ಒಂದೊಂದು ಲಾಕ್ ಹಾಕುವುದು ಸರಿಯಾದ ದಾರಿ ಎಂದು ಆಗಲೂ ಗೊತ್ತಿತ್ತು. ಅದಕ್ಕೇ ಮೇಲೆ ಒಂದು ಸಾಲು ಬರೆದಿಟ್ಟಳು: 'ತಾತ್ಕಾಲಿಕ. ಈ ಫಲಿತಾಂಶ ಮುಗಿದ ಮೇಲೆ ತೆಗೆಯುವುದು.'

ಮುಂದಿನ ವರ್ಷ ತೆಗೆಯಲು ಕೈ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಓಟ ನಿಧಾನವಾಯಿತೆಂದು ಎಲ್ಲರೂ ಗೊಣಗಿದಾಗ ಇನ್ನಷ್ಟು ಪ್ರೊಸೆಸರ್ ಬೇಕೆಂಬ ಬೇಡಿಕೆಗೆ ಅವಳೇ ಸಹಿ ಹಾಕಿದಳು. ನಾಲ್ಕು ಎಂಟಾಯಿತು, ಎಂಟು ಹದಿನಾರಾಯಿತು. ಬಂದವೆಲ್ಲ ಸಾಲಾಗಿ ಕೈಕಟ್ಟಿ ಕೂತವು. ಇಷ್ಟು ಉದ್ದದ ಓಟ ನಡುವೆ ನಿಂತರೆ ಮತ್ತೆ ಎಲ್ಲಿಂದ ಹಿಡಿಯಬೇಕೆಂದು ಅವಳಿಗೊಬ್ಬಳಿಗೇ ಗೊತ್ತಿದ್ದದ್ದರಿಂದ ಫಲಿತಾಂಶದ ದಿನ ಮೂರು ಗಂಟೆ ನಲವತ್ತು ನಿಮಿಷ ಅವಳು ಅಲ್ಲಾಡುವ ಹಾಗಿರಲಿಲ್ಲ. ಅವಳಿಲ್ಲದಿದ್ದರೆ ಆಗುವುದೇ ಇಲ್ಲ ಎಂಬ ಮಾತು ಹೀಗೆ ಹುಟ್ಟಿ, ಬೆಳೆದು, ಕಡತ ಸೇರಿತು. ಈಗ ಬಾಯಿಬಿಟ್ಟರೆ ಎರಡು ಸಲ ಸುಮ್ಮನೆ ಯಂತ್ರ ಕೊಳ್ಳಿಸಿದವಳು ಎಂದು ಮಾನ ಹೋಗುತ್ತದೆ. ಬಿಡದಿದ್ದರೆ ಹೊಸದೂ ದಂಡ ಎಂದು ವರದಿಯಾಗುತ್ತದೆ, ಅವಳು ಇಲ್ಲೇ ಕೊಳೆಯಬೇಕು.

ಬುಧವಾರವಿಡೀ ಆ ಇಂಜಿನಿಯರ್ ಇಲ್ಲದ ತಪ್ಪನ್ನು ಹುಡುಕಿದ. ಕೇಬಲ್ ಕಿತ್ತು ಹಾಕಿದ, ಮೆಮೊರಿ ಹಲಗೆಗಳನ್ನು ಒಂದೊಂದಾಗಿ ತೆಗೆದು ಒರೆಸಿದ, ಕಂಪನಿಗೆ ಫೋನು ಮಾಡಿ ಬೈಸಿಕೊಂಡ. ಅವನಿಗೆ ಮೂರು ತಿಂಗಳ ಕೂಸಿತ್ತು; ಎರಡು ವಾರದಿಂದ ಲಾಡ್ಜಿನಲ್ಲಿದ್ದ. ಪಾಪ ಅನ್ನಿಸುತ್ತಿತ್ತು. ಪಾಪ ಎಂದುಕೊಳ್ಳುತ್ತಲೇ ಅವಳು ಸುಮ್ಮನಿದ್ದಳು.

ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಅವನು ತನ್ನ ಪಾಡಿಗೆ ಶುರು ಮಾಡಿದ. "ಹಿಂದೆ ಇಡೀ ಯಂತ್ರ ನಡೆಸೋ ಯುನಿಕ್ಸ್ ಕರ್ನಲ್ ಪ್ರೋಗ್ರಾಮಿಗೇ ಹೀಗಿತ್ತಂತೆ ಅಕ್ಕ. ಇಡೀ ಕರ್ನಲ್ಲಿಗೆ ಒಂದೇ ಲಾಕ್. ಇಪ್ಪತ್ತು ಜನರ ಮನೆಗೆ ಒಂದೇ ಒಲೆ ಇಟ್ಟ ಹಾಗೆ. ಎಷ್ಟು ಸೊಸೇರು ಬಂದ್ರೇನು, ಒಬ್ಬಳು ಅಡುಗೆ ಮಾಡ್ತಾಳೆ, ಉಳಿದೋರು ಬಾಗಿಲಲ್ಲಿ ನಿಂತಿರ್ತಾರೆ. ಆ ಒಂದು ಲಾಕ್ ಒಡೆದು ಸಾವಿರ ಸಣ್ಣ ಲಾಕ್ ಮಾಡೋಕೆ ದೊಡ್ಡದೊಡ್ಡೋರಿಗೇ ವರ್ಷಗಟ್ಟಲೆ ಹಿಡೀತು."

"ಯಾಕೆ, ಅಷ್ಟು ಕಷ್ಟನಾ?"

"ಕಷ್ಟ ಅನ್ನೋದಕ್ಕಿಂತ ಭಯ. ಒಂದೇ ಲಾಕ್ ಇದ್ರೆ ನಿಧಾನ, ಆದ್ರೆ ತಪ್ಪಾಗಲ್ಲ. ಓಡ್ತಿರೋದನ್ನ ಯಾರು ಮುಟ್ತಾರೆ?"

ಅವಳು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡಳು. ಅವನು ಮುಂದುವರಿಸಿದ. "ಇನ್ನೊಂದು ಪಂಗಡದೋರು ಇದ್ದಾರೆ. ಒಂದೇ ಮನೆ ಸಹವಾಸವೇ ಬೇಡ ಅನ್ನೋರು. ಒಂದೊಂದು ಪ್ರೊಸೆಸರಿಗೂ ಅದರದ್ದೇ ಕರ್ನಲ್, ಅದರದ್ದೇ ಮೆಮೊರಿ. ಬೇರೆ ಬೇರೆ ಮನೆ ಮಾಡ್ಕೊಂಡು ಕಾಗದ ಬರ್ಕೊಳ್ಳೋದು. ನಮ್ಮ ಕಂಪನಿ ಅದನ್ನೂ ಮಾರತ್ತೆ."

"ಕಾಗದ ತಲುಪೋದು ನಿಧಾನ ಅಲ್ವಾ?"

"ನಿಧಾನಾನೇ. ಆದ್ರೆ ಯಾರೂ ಯಾರಿಗೂ ಕಾಯೋ ಹಾಗಿಲ್ಲ ನೋಡಿ. ಅದೇ ಅದರ ಸುಖ."

ಹನ್ನೊಂದು ವರ್ಷದಿಂದ ಬೇರೆ ಮನೆ ಮಾಡಿಕೊಂಡು ಫೋನಿನಲ್ಲಿ ಸಂಸಾರ ನಡೆಸಿದವಳಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅವಳ ಎರಡು ಮನೆಗಳಲ್ಲಿ ಕಾಯುವುದೊಂದು ಬಿಟ್ಟರೆ ಮತ್ತೇನೂ ನಡೆದಿರಲಿಲ್ಲ.

ಸಂಜೆ ಮಗಳು ಫೋನಿನಲ್ಲಿ ಸಿಕ್ಕಳು. "ಅಮ್ಮ, ಹಾಸ್ಟೆಲ್ ಇರೋ ಕಾಲೇಜಿನ ಫಾರ್ಮ್ ತುಂಬಿಟ್ಟಿದ್ದೀನಿ. ಶನಿವಾರ ಕೊನೇ ದಿನ."

"ಇನ್ನೆರಡು ವರ್ಷ ಅಲ್ಲೇ ಓದ್ಬಹುದಲ್ಲ ಪುಟ್ಟಿ?"

"ಅಜ್ಜಿ ಇದ್ದಾಗ ಸರಿ ಇತ್ತು. ಈಗ ಅಪ್ಪ ಬರೋದು ಎಂಟು ಗಂಟೆಗೆ. ಅಲ್ಲಿವರೆಗೂ ನಾನು ಗೋಡೆ ನೋಡ್ಬೇಕು. ನೀನು ಬರ್ತೀಯ ಅಂದ್ರೆ ಇಲ್ಲೇ ಸೇರ್ತೀನಿ." ಜಗಳದ ದನಿಯಿಲ್ಲದೆ ಕೇಳಿದಳು, "ಬರ್ತೀಯಾ?"

"ಶುಕ್ರವಾರ ಹೇಳ್ತೀನಿ," ಎಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ದಿನ ಗೊತ್ತು ಮಾಡಿ ಹೇಳಿದ್ದಳು.

ಗುರುವಾರ ಬೆಳಿಗ್ಗೆ ಇಂಜಿನಿಯರನ್ನು ತಿಂಡಿ ತಿಂದು ನಿಧಾನವಾಗಿ ಬನ್ನಿ ಎಂದು ಹೊರಗೆ ಕಳಿಸಿ ಅವಳು ಆ ಕಡತ ತೆರೆದಳು. 'ತಾತ್ಕಾಲಿಕ' ಎಂಬ ಪದದ ಮುಂದೆ ಅವಳದೇ ಹೆಸರಿನ ಮೊದಲಕ್ಷರ, ಅವಳಿಗೆ ಇಪ್ಪತ್ತೈದು ತುಂಬಿದ ವರ್ಷದ ತಾರೀಖು. ದೊಡ್ಡ ಲಾಕ್ ತೆಗೆದಳು. ನೋಂದಣಿ ಸಂಖ್ಯೆಗೊಂದರಂತೆ ಸಣ್ಣ ಲಾಕ್ ಹಾಕಿದಳು. ಬರೆದಳು, ಅಳಿಸಿದಳು, ಎರಡು ಸಲ ಓದಿದಳು. ಗಡಿಯಾರ ನೋಡಿದರೆ ಕೂತು ಒಂದೂವರೆ ಗಂಟೆ ಕಳೆದಿತ್ತು. ಹತ್ತೊಂಬತ್ತು ವರ್ಷ ಹೆದರಿ ಮುಂದೂಡಿದ ಕೆಲಸ ಒಂದೂವರೆ ಗಂಟೆಯದು. ಅವಳಿಗೆ ಅಳು ಬಂತು, ಆಮೇಲೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಇಂಜಿನಿಯರ್ ಹಿಂದೆ ಬಂದು ನಿಂತಾಗ ಹೊಸ ಯಂತ್ರದಲ್ಲಿ ಅರವತ್ತನಾಲ್ಕು ಪಟ್ಟಿಗಳೂ ಎದ್ದು ನಿಂತಿದ್ದವು. ಹನ್ನೊಂದು ನಿಮಿಷಕ್ಕೆ ಮುಗಿಯಿತು. ಕಳೆದ ವರ್ಷ ಪ್ರಕಟಿಸಿದ ಫಲಿತಾಂಶದ ಜೊತೆ ಒಂದೊಂದು ಸಾಲನ್ನೂ ಹೋಲಿಸುವ ಇನ್ನೊಂದು ಪ್ರೋಗ್ರಾಂ ಓಡಿಸಿದಳು. ಒಂದೇ ಒಂದು ಅಂಕ ವ್ಯತ್ಯಾಸವಿಲ್ಲ.

"ಏನ್ ಮಾಡಿದ್ರಿ ಅಕ್ಕ?"

"ಒಂದು ಹಳೇ ಲಾಕ್ ಇತ್ತು. ತೆಗೆದೆ."

ಎರಡು ದಿನ ತನ್ನನ್ನು ಏಕೆ ಕುಣಿಸಿದಿರಿ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಬೂಟಿನ ತುದಿ ನೋಡುತ್ತ, "ಹಳೇದರ ಸಮಯ ಸೋಮವಾರದ್ದೇ ಇದೆಯಲ್ಲ ಅಕ್ಕ, ಅದನ್ನೇ ಬರೀರಿ," ಎಂದ.

ಅವಳು ಅದನ್ನೇ ಬರೆದಳು. ಹಳೆಯದು ಮೂರು ಗಂಟೆ ನಲವತ್ತು ನಿಮಿಷ, ಹೊಸದು ಹನ್ನೊಂದು ನಿಮಿಷ. ಮುದ್ರಿಸಿ ಸಹಿ ಹಾಕಿದಳು. ಹೊರಡುವಾಗ ಕೋಣೆಯ ಕೊಕ್ಕೆಯಲ್ಲಿ ಹನ್ನೊಂದು ವರ್ಷ ನೇತಾಡಿದ್ದ ಕಂದು ಸ್ವೆಟರನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಒಗೆದು ಹರವಿದಳು. ಗಂಡನಿಗೆ ಫೋನು ಮಾಡಿ, "ಈ ಸಲ ಆಗತ್ತೆ ಅನ್ಸತ್ತೆ ಕಣ್ರೀ," ಎಂದಳು. ಅವನು ಇಂಥ ಮಾತುಗಳನ್ನು ನಂಬುವುದು ಬಿಟ್ಟು ಕಾಲವಾಗಿತ್ತು. ಆದರೂ ಎರಡು ನಿಮಿಷದ ಮೇಲೆ ತಾನೇ ತಿರುಗಿ ಫೋನು ಮಾಡಿ, "ಬೀರುವಿನ ಎಡಗಡೆ ಖಾಲಿ ಮಾಡ್ಲಾ, ಬಲಗಡೆನಾ?" ಎಂದು ಕೇಳಿದ.

ಡೈರೆಕ್ಟರು ಶುಕ್ರವಾರ ಹನ್ನೊಂದಕ್ಕೆ ಬರಹೇಳಿದ್ದರು. ಅವಳು ಒಂಬತ್ತಕ್ಕೇ ಬಂದಳು. ಮಾಡಲು ಕೆಲಸವಿರಲಿಲ್ಲ. ದೊಡ್ಡಪ್ಪ ಎಂದಿನಂತೆ ಏದುಸಿರು ಬಿಡುತ್ತಿದ್ದ. ಅವನನ್ನು ಬಿಟ್ಟು ಹೋಗುವ ಮುಂಚೆ ಅವನ ಹದಿನಾರೂ ಪಟ್ಟಿಗಳು ಒಟ್ಟಿಗೆ ಎದ್ದು ನಿಂತದ್ದನ್ನು ಒಂದು ಸಲ ನೋಡಬೇಕೆಂಬ ಆಸೆ ಅವಳಿಗೆ ಎಲ್ಲಿಂದ ಬಂತೋ. ಇಷ್ಟು ವರ್ಷ ಕಟ್ಟಿಹಾಕಿದವಳು ತಾನೇ ಅಲ್ಲವೇ. ಹೊಸ ಪ್ರೋಗ್ರಾಮನ್ನು ಹಳೆಯ ಯಂತ್ರಕ್ಕೆ ಹಾಕಿ ಓಡಿಸಿದಳು.

ಹದಿನಾರೂ ಎದ್ದವು. ಫ್ಯಾನುಗಳ ಸದ್ದು ಅವಳು ಎಂದೂ ಕೇಳಿರದಷ್ಟು ಏರಿತು. ಅವಳು ನಗುತ್ತ ನೋಡುತ್ತ ಕೂತಳು. ಇಪ್ಪತ್ತೆರಡು ನಿಮಿಷಕ್ಕೆ ಓಟ ಮುಗಿಯಿತು. ಅಂಕಗಳೂ ಸರಿಯಿದ್ದವು.

ನಗು ಅಲ್ಲಿಗೇ ನಿಂತಿತು. ಇಪ್ಪತ್ತೆರಡು ನಿಮಿಷದಲ್ಲಿ ಕೆಲಸ ಮುಗಿಸುವ ಯಂತ್ರ ಮನೆಯಲ್ಲೇ ಇರುವಾಗ ಹನ್ನೊಂದು ನಿಮಿಷದ್ದನ್ನು ಯಾರು ಕೊಳ್ಳುತ್ತಾರೆ? ಮೇಜಿನ ಮೇಲೆ ವರದಿ ಇತ್ತು. ಅದರ ಮೊದಲ ಸಾಲನ್ನು ಮೂರು ವಾರದ ಹಿಂದೆ ಅವಳೇ ಬರೆದಿದ್ದಳು: 'ಎರಡೂ ಯಂತ್ರಗಳಲ್ಲಿ ಒಂದೇ ಪ್ರೋಗ್ರಾಂ, ಒಂದೇ ಅಂಕಗಳು.' ನೋಡದೆ ಇದ್ದಿದ್ದರೆ ಆ ಸಾಲಿನ ಕೆಳಗಿನ ಸಹಿ ಸುಳ್ಳೆಂದು ಅವಳಿಗೂ ಅಷ್ಟಾಗಿ ಅನ್ನಿಸುತ್ತಿರಲಿಲ್ಲ. ಯಾಕಾದರೂ ಓಡಿಸಿದೆನೋ ಎಂದು ಹಣೆ ಚಚ್ಚಿಕೊಂಡಳು. ಈ ಇಡೀ ಕಟ್ಟಡದಲ್ಲಿ ಇದನ್ನು ಕಂಡುಹಿಡಿಯಬಲ್ಲವರು ಇನ್ನೊಬ್ಬರಿಲ್ಲ. ಇಂಜಿನಿಯರ್ ಸತ್ತರೂ ಹೇಳುವುದಿಲ್ಲ. ನಾಳೆ ಶನಿವಾರ.

ಹತ್ತೂ ಐವತ್ತರವರೆಗೆ ಅವಳು ಆ ಹಾಳೆಯ ಮುಂದೆ ಕೂತಿದ್ದಳು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಕೌಂಟರಿನ ಈಚೆ ನಿಂತು ಹೇಳಿದ ತನ್ನ ದನಿ, ನಾನೇ ಸರಿಯಾಗಿ ಬರೆದಿಲ್ಲ ಎಂದ ಆ ಹುಡುಗಿಯ ದನಿ, ಎರಡೂ ಬೇಡವೆಂದರೂ ಕೇಳಿಸುತ್ತಿದ್ದವು. ಪೆನ್ನು ತೆಗೆದು ಮೂರು ಗಂಟೆ ನಲವತ್ತು ನಿಮಿಷವನ್ನು ಹೊಡೆದುಹಾಕಿ ಪಕ್ಕದಲ್ಲಿ ಇಪ್ಪತ್ತೆರಡು ನಿಮಿಷ ಎಂದು ಬರೆದಳು. ಅವಸರಕ್ಕೆ ಅಕ್ಷರ ಸೊಟ್ಟಗಾಯಿತು.

ಡೈರೆಕ್ಟರು ಆ ಸೊಟ್ಟ ಅಕ್ಷರದ ಮೇಲೆ ಬೆರಳಿಟ್ಟರು. "ಇಪ್ಪತ್ತೆರಡು ನಿಮಿಷನಾ? ನಮ್ಮ ಹಳೇದೇ?"

ಅವಳು ಎಲ್ಲವನ್ನೂ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದಿನ ಲಾಕ್, ಎರಡು ಸಲ ಸುಮ್ಮನೆ ಕೊಳ್ಳಿಸಿದ ಪ್ರೊಸೆಸರುಗಳು, ಈ ವಾರ ಕಂಪನಿಯವನನ್ನು ಅಲೆದಾಡಿಸಿದ್ದು. ಇಷ್ಟು ವರ್ಷ ಎದೆಯ ಮೇಲೆ ಹೊತ್ತದ್ದನ್ನು ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಡೈರೆಕ್ಟರ ಬೆರಳು ಇನ್ನೂ ಇಪ್ಪತ್ತೆರಡರ ಮೇಲೆಯೇ ಇತ್ತು.

"ಸಣ್ಣಪುಟ್ಟದು ಇದ್ದೇ ಇರತ್ತೆ ಮೇಡಂ. ಕೊನೆಗೂ ಹಿಡಿದ್ರಲ್ಲ."

"ನಾನೇ ಹಾಕಿದ್ದು ಸರ್."

"ಅದಕ್ಕೇ ನಿಮ್ಮನ್ನ ಬಿಡೋಕಾಗಲ್ಲ ಅನ್ನೋದು." ಅವರು ಮನಸಾರೆ ನಕ್ಕರು. ಅವಳಿಗಾಗಿ ಟೀ ತರಿಸಿದರು.

"ಸರ್, ಯಾರಾದ್ರೂ ಒಬ್ಬರನ್ನ ಕೊಡಿ. ಮೂರು ತಿಂಗಳಲ್ಲಿ ಎಲ್ಲ ಕಲಿಸ್ತೀನಿ."

"ಹೊಸ ನೇಮಕ ನಿಂತಿದೆಯಲ್ಲ ಮೇಡಂ. ಶುರುವಾದಾಗ ಮೊದಲು ನಿಮ್ಮದೇ ನೋಡೋಣ." ಅವರು ಏಳನೆಯ ಅರ್ಜಿಯನ್ನು ಡ್ರಾಯರಿಗೆ ಹಾಕಿದರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಹಾಗಿದ್ದಿದ್ದರೆ ಜಗಳವಾಡಬಹುದಿತ್ತು.

ಮತ್ತೆ ಬಾಗಿಲ ಚೌಕಟ್ಟು ಕಿತ್ತು ಹೊಸ ಯಂತ್ರವನ್ನು ಲಾರಿಗೆ ಹೇರುವಾಗ ಇಂಜಿನಿಯರ್ ಅವಳ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡಳು. "ಹಳೇದರಲ್ಲೂ ಓಡಿಸಿ ನೋಡ್ತೀರಿ ಅಂತ ಗೊತ್ತಿತ್ತು ಅಕ್ಕ. ನಾನಾಗಿದ್ರೂ ಓಡಿಸ್ತಿದ್ದೆ," ಎಂದು ಹೇಳಿ, ಕೂಸಿಗೆ ಕೊಂಡಿದ್ದ ಗಿಲಕಿಯ ಪೊಟ್ಟಣ ಹಿಡಿದುಕೊಂಡು ಮುಂದಿನ ಸೀಟು ಹತ್ತಿದ. ಸಂಜೆ ಮಗಳಿಗೆ ಫೋನು ಮಾಡುವ ಧೈರ್ಯ ಅವಳಿಗೆ ಬರಲಿಲ್ಲ. 'ಈ ಸಲ ಆಗಲಿಲ್ಲ ಪುಟ್ಟಿ' ಎಂದು ಬರೆದು ಕಳಿಸಿದಳು. 'ಸರಿ' ಎಂದು ಉತ್ತರ ಬಂತು.

ಐದು ವಾರದ ಮೇಲೆ ಆ ವರ್ಷದ ಫಲಿತಾಂಶದ ದಿನ ಬಂತು. ಪದ್ಧತಿಯಂತೆ ಮಧ್ಯಾಹ್ನ ಮೂರಕ್ಕೆ ಅಟೆಂಡರು ದೊಡ್ಡ ಫ್ಲಾಸ್ಕಿನಲ್ಲಿ ನಾಲ್ಕು ಗಂಟೆಗಾಗುವಷ್ಟು ಟೀ ತಂದಿಟ್ಟ. ಹೊರಗೆ 'ಫಲಿತಾಂಶ ನಡೆಯುತ್ತಿದೆ, ಒಳಗೆ ಬರಬೇಡಿ' ಎಂಬ ಫಲಕ ತೂಗುಹಾಕಿ ಬಾಗಿಲು ಎಳೆದುಕೊಂಡ. "ಆರೂ ನಲವತ್ತಕ್ಕೆ ಬರ್ತೀನಿ ಸಿಸ್ಟಮಕ್ಕ," ಎಂದ ಎಂದಿನಂತೆ. ಅವಳು ಓಟ ಶುರು ಮಾಡಿದಳು. ಹದಿನಾರು ಪಟ್ಟಿಗಳು ಎದ್ದವು, ಮೂರೂ ಇಪ್ಪತ್ತೆರಡಕ್ಕೆ ಮಲಗಿದವು. ಪರಿಶೀಲನೆ ಮುಗಿಸಿದಾಗ ಮೂರೂವರೆ. ಫ್ಲಾಸ್ಕಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಮಗಳಿಗೆ ಫೋನು ಮಾಡಿದಳು. ಆ ಕಡೆ ಟ್ರಂಕು ಎಳೆಯುವ ಸದ್ದು. ನಾಳೆ ಅವಳು ಹಾಸ್ಟೆಲಿಗೆ ಹೊರಡುವವಳು.

"ಇವತ್ತು ರಿಸಲ್ಟ್ ದಿನ ಅಲ್ವಾ? ಇಷ್ಟು ಹೊತ್ತಿಗೆ ಫೋನ್ ಮಾಡಿದ್ದೀಯ. ಮಷೀನ್ ಕೆಟ್ಟೋಯ್ತಾ?"

"ಇಲ್ಲ. ಮುಗೀತು."

"ಆಗ್ಲೇ?"

"ಆಗ್ಲೇ."

"ಹಾಗಾದ್ರೆ ಈಗೇನ್ ಮಾಡ್ತಿದ್ದೀಯ?"

ಅವಳು ಗಡಿಯಾರ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು.

"ಕೂತಿದ್ದೀನಿ," ಎಂದಳು.

ಫೋನಿಟ್ಟ ಮೇಲೆ ಚಳಿಯಾಯಿತು. ಎದ್ದು, ಮತ್ತೆ ಅದೇ ಕೊಕ್ಕೆಗೆ ಬಂದಿದ್ದ ಕಂದು ಸ್ವೆಟರ್ ತೆಗೆದು ಹಾಕಿಕೊಂಡಳು. ಅದಕ್ಕೆ ಇನ್ನೂ ಸೋಪಿನ ವಾಸನೆಯಿತ್ತು. ಒಂದೊಂದಾಗಿ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿ, ಮತ್ತೆ ಕುರ್ಚಿಗೆ ಬಂದು, ಟೀ ಬಗ್ಗಿಸಿಕೊಂಡಳು.